ಹೆಪ್ಪಿನ ಪಾತ್ರೆ

ನಮ್ಮ ಹಜಾರದಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯೊಂದಿದೆ. ತುಂಬಿದರೆ ಹೆಚ್ಚುಕಡಿಮೆ 56 ಲೀಟರು ನೀರು. ಅದರಲ್ಲಿ ಹತ್ತು ಗಪ್ಪಿ ಮೀನುಗಳು, ನಾಲ್ಕು ಮಾಲಿಗಳು, ಒಂದಿಷ್ಟು ನೀರುಗಿಡ. ಮನೆಗೆ ಬಂದವರು ಮೊದಲು ಮೀನನ್ನು ನೋಡುತ್ತಾರೆ. ಆಮೇಲೆ ಗಾಜಿನ ಮೂಲೆಯ ಪಾಚಿಯನ್ನೂ ಫಿಲ್ಟರಿನ ಸ್ಪಂಜಿನ ಮೇಲಿನ ಕಂದು ಲೋಳೆಯನ್ನೂ ನೋಡಿ, “ಇದನ್ನ ತೊಳೆಯೋದಿಲ್ವಾ?” ಎನ್ನುತ್ತಾರೆ. ಪ್ರಶ್ನೆ ನನ್ನದಾದರೂ ಕಣ್ಣು ನನ್ನ ಹೆಂಡತಿಯ ಕಡೆ ಇರುತ್ತದೆ. ಹಿತ್ತಾಳೆ ತಂಬಿಗೆಯನ್ನು ಹುಣಿಸೆಹಣ್ಣು ಹಾಕಿ ಹೊಳೆಯುವವರೆಗೂ ತಿಕ್ಕುವ ಜನ ನಾವು. ಲೋಳೆಯನ್ನು ಕಂಡು ಸುಮ್ಮನಿರುವುದು ಯಾರಿಂದಲೂ ಆಗದು.

ಆದರೆ ಆ ಲೋಳೆಯೇ ನನ್ನ ತೊಟ್ಟಿಯ ಆಸ್ತಿ. ಮೀನಿನ ಕಿವಿರುಗಳಿಂದ ಸದಾ ಅಮೋನಿಯ ಹೊರಬೀಳುತ್ತಿರುತ್ತದೆ. ತಿನ್ನದೆ ಉಳಿದ ಕಾಳು, ಕೊಳೆತ ಎಲೆ ಎಲ್ಲವೂ ಕಡೆಗೆ ಅಮೋನಿಯವೇ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ. ತೊಟ್ಟಿಯ ಮೀನು ಮಾತ್ರ ತನ್ನ ಬಚ್ಚಲಿನಲ್ಲೇ ಸಂಸಾರ ಮಾಡಬೇಕು. ಈ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ವಿಷ. ನೈಟ್ರೈಟ್ ಸೇರಿದ ರಕ್ತ ಕಂದುಬಣ್ಣಕ್ಕೆ ತಿರುಗಿ ಆಮ್ಲಜನಕವನ್ನು ಹೊರಲಾರದೆ, ಮೀನು ನೀರಿನಲ್ಲಿದ್ದೂ ಉಸಿರುಕಟ್ಟುತ್ತದೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ. ಒಂದಿಷ್ಟನ್ನು ಗಿಡ ಹೀರಿಕೊಳ್ಳುತ್ತದೆ, ಮಿಕ್ಕದ್ದು ನೀರು ಬದಲಿಸಿದಾಗ ಹೋಗುತ್ತದೆ. ಈ ಎರಡು ಮೆಟ್ಟಿಲನ್ನೂ ಒಂಟಿಯಾಗಿಯೇ ಹತ್ತಿಬಿಡುವ ಬ್ಯಾಕ್ಟೀರಿಯ ಕೂಡ ಉಂಟು ಎಂಬುದು 2015ರಲ್ಲಿ ತಿಳಿಯಿತು. ಅವುಗಳಲ್ಲಿ ಕೆಲವು ಸಿಕ್ಕಿದ್ದು ಮೀನು ಸಾಕಣೆಯ ನೀರು ಸೋಸುವ ಫಿಲ್ಟರಿನಲ್ಲಿ ಎಂದು ಓದಿ, ನೆಂಟರ ಮಗನಿಗೆ ರ‍್ಯಾಂಕ್ ಬಂದಷ್ಟು ಸಂತೋಷಪಟ್ಟೆ.

ಇವು ನೀರಿನಲ್ಲಿ ತೇಲಾಡುವುದು ಕಡಿಮೆ. ಸ್ಪಂಜಿಗೆ, ತಳದ ಕಲ್ಲಿಗೆ ಅಂಟಿಕೊಂಡು ಬದುಕುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ನಮ್ಮ ಮಹಡಿ ಮನೆಯವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅಂಗಡಿಯವನು ತೊಟ್ಟಿ, ಗೋಲ್ಡ್‌ಫಿಶ್, ನೀಲಿ ಕಲ್ಲು, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ ಎಲ್ಲವನ್ನೂ ಕೊಟ್ಟಿದ್ದ, ಈ ಒಂದು ಮಾತನ್ನು ಬಿಟ್ಟು. ಆ ಮನೆಯ ಯಜಮಾನರು ಪ್ರತಿ ಭಾನುವಾರ ಮೀನನ್ನು ಬಕೆಟ್ಟಿಗೆ ಹಾಕಿ, ನೀರನ್ನೆಲ್ಲ ಚೆಲ್ಲಿ, ಕಲ್ಲನ್ನು ಉಪ್ಪು ಹಾಕಿ ತಿಕ್ಕಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಟೆರೇಸಿನ ಬಿಸಿಲಿಗೆ ಹಾಕುತ್ತಿದ್ದರು. ಸಂಜೆಗೆ ತೊಟ್ಟಿ ಒಡವೆಯಂಗಡಿಯ ಹಾಗೆ ಝಗಝಗಿಸುತ್ತಿತ್ತು. ಬುಧವಾರವೋ ಗುರುವಾರವೋ ಒಂದು ಮೀನು ತೇಲುತ್ತಿತ್ತು. ಮನೆಯೊಳಗೆ ತೀರ್ಪೂ ಆಗಿಹೋಗಿತ್ತು: ಹುಡುಗ ತಿಂಡಿ ಜಾಸ್ತಿ ಹಾಕುತ್ತಾನೆ. ಹುಡುಗನಿಗೆ ಎಂಟು ವರ್ಷ. ಮೂರನೆಯ ಮೀನನ್ನು ದಾಸವಾಳದ ಬುಡದಲ್ಲಿ ಹೂಳಲು ಬಂದವನು ನನ್ನನ್ನು ಕೇಳಿದ: “ತಾತ, ನಿನ್ನೆ ನಾಲ್ಕೇ ಕಾಳು ಹಾಕಿದ್ದೆ. ನಾಲ್ಕೂ ಜಾಸ್ತಿನಾ?”

ನಾಲ್ಕು ಕಾಳಿಗೆ ಗೋಲ್ಡ್‌ಫಿಶ್ ಸಾಯುವುದಿಲ್ಲ. ಅವತ್ತೇ ಮೆಟ್ಟಿಲು ಹತ್ತಿದೆ. ಶ್ರದ್ಧೆಯಿಂದ ತೊಳೆಯುವವರಿಗೆ ತೊಳೆಯಬೇಡಿ ಎನ್ನುವುದು ಕಷ್ಟದ ಕೆಲಸ. “ಏನ್ ಸಾರ್, ಕೊಳಕಲ್ಲೇ ಇರ‍್ಲಿ ಅಂತೀರಾ?” ಎಂದರು ಯಜಮಾನರು. ನಾನು ಬ್ಯಾಕ್ಟೀರಿಯದ ಪುರಾಣ ಬಿಚ್ಚಿದೆ. ಅವರು ಗಡಿಯಾರ ನೋಡತೊಡಗಿದರು. ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುತ್ತಿದ್ದ ಅವರ ಮನೆಯಾಕೆ ಸೌಟು ಹಿಡಿದೇ ಹೊರಬಂದು, “ಅಯ್ಯೋ, ಹೆಪ್ಪಿಗೂ ಇಡದೆ ಮೊಸರಿನ ಪಾತ್ರೆ ತೊಳೆದ ಹಾಗಾಯ್ತಲ್ರೀ ಇದು!” ಎಂದರು. ನಾನು ಅರ್ಧ ಗಂಟೆಯಲ್ಲಿ ಹೇಳಲಾಗದ್ದು ಅಷ್ಟರಲ್ಲಿ ಮುಗಿಯಿತು.

ಯಜಮಾನರು ಲೆಕ್ಕಪತ್ರದ ಮನುಷ್ಯ, ಸಾಕ್ಷಿ ಬೇಕು. ಅಮೋನಿಯ ಪರೀಕ್ಷಿಸುವ ಹನಿಮದ್ದಿನ ಬಾಟಲಿ ನನ್ನಲ್ಲಿತ್ತು. ಎರಡು ಗಾಜಿನ ನಳಿಗೆಯಲ್ಲಿ ಎರಡು ತೊಟ್ಟಿಯ ನೀರು ತೆಗೆದುಕೊಂಡು ಹನಿ ಹಾಕಿದೆವು. ಲೋಳೆ ತೊಟ್ಟಿಯ ನೀರು ಹಳದಿಯಾಗಿ ಉಳಿಯಿತು. ತೊಳೆದು ನಾಲ್ಕೇ ದಿನವಾಗಿದ್ದ ತೊಟ್ಟಿಯ ನೀರು ಹಸಿರಿಗೆ ತಿರುಗಿತು. ನೋಡಲು ಎರಡೂ ಒಂದೇ ತಿಳಿನೀರು. ಅವರು ಬಹಳ ಹೊತ್ತು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಗನನ್ನು ಕರೆದು, “ಇನ್ನೊಂದು ಸಲ ನೀನೇ ಹಾಕಿ ನೋಡೋ” ಎಂದು ಬಾಟಲಿಯನ್ನು ಅವನ ಕೈಗೆ ಕೊಟ್ಟರು. ಕ್ಷಮಿಸು ಎನ್ನುವ ಪದ ನಮ್ಮ ತಂದೆಯಂದಿರ ನಾಲಿಗೆಗೆ ಸುಲಭವಾಗಿ ಬರುವುದಿಲ್ಲ. ಹುಡುಗನಿಗೆ ಅರ್ಥವಾಗಿತ್ತು.

ನನ್ನ ತೊಟ್ಟಿಯ ಸ್ಪಂಜಿನಲ್ಲಿ ಒಂದು ತುಂಡು ಕತ್ತರಿಸಿ ಹೆಪ್ಪಿಗೆ ಕೊಟ್ಟೆ. ಸ್ಪಂಜನ್ನು ತೊಳೆಯಲೇಬೇಕಾದಾಗ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕು, ನಲ್ಲಿಗೆ ಒಡ್ಡಬಾರದು. ಬೆಂಗಳೂರಿಗೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದಾಟಿ ಬರುವ ಕಾವೇರಿಯಲ್ಲಿ ಕ್ಲೋರಿನ್ ಇರುತ್ತದೆ. ಕ್ರಿಮಿ ಕೊಲ್ಲಲೆಂದೇ ಹಾಕಿದ್ದು. ಇವು ನಮ್ಮವರು, ಅವು ಪರರು ಎಂದು ಅದು ವಿಚಾರಿಸುವುದಿಲ್ಲ. ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ರಾತ್ರಿ ಹಾಗೇ ಬಿಟ್ಟರೆ ಬಹುಪಾಲು ಹಾರಿಹೋಗುತ್ತದೆ. ಕ್ಲೋರಮೀನ್ ಹಾಕುವ ಊರುಗಳಲ್ಲಿ ಮಾತ್ರ ಈ ಉಪಾಯ ಸಾಗದು, ಅಂಗಡಿಯ ದ್ರಾವಣವೇ ಬೇಕು. ಬೋರಿನ ಗಡಸು ನೀರು ಗಪ್ಪಿ, ಮಾಲಿಗಳಿಗೆ ಹೇಳಿಮಾಡಿಸಿದ್ದು. ಶುದ್ಧವಾದದ್ದೇ ಇರಲಿ ಎಂದು ಆರ್‌ಓ ಯಂತ್ರದ ನೀರನ್ನೇ ಸುರಿಯುವವರೂ ಇದ್ದಾರೆ. ಲವಣವಿಲ್ಲದ ಆ ಸಪ್ಪೆ ನೀರೊಂದರಲ್ಲೇ ಮೀನು ಬಾಳುವುದು ಕಷ್ಟ.

ವಾರಕ್ಕೆ ಕಾಲು ಭಾಗ ಬದಲಿಸಿದರೆ ಸಾಕು. ನಮ್ಮ ತೊಟ್ಟಿಗೆ ಲೆಕ್ಕ ಹಾಕಿದರೆ 14 ಲೀಟರು, ಅಂದರೆ ಒಂದು ಬಕೆಟ್. ಮಹಡಿ ಮನೆಯ ಹುಡುಗ ಶನಿವಾರ ರಾತ್ರಿ ತನ್ನ ಬಕೆಟ್ ತುಂಬಿಟ್ಟು, ಅಮ್ಮ ಅದರಿಂದ ಸಾರಿಸಿಬಿಡದಿರಲಿ ಎಂದು ಮೇಲೊಂದು ಚೀಟಿ ಅಂಟಿಸುತ್ತಾನಂತೆ. ಉಳಿದ ಎರಡು ಗೋಲ್ಡ್‌ಫಿಶ್ ಈಗ ಅಂಗೈಯಗಲ ಬೆಳೆದಿವೆ. ಅವು ಹೊಲಸು ಮಾಡುವುದು ಬಹಳ, ಇನ್ನೂ ದೊಡ್ಡ ತೊಟ್ಟಿಯೇ ಬೇಕು ಎಂದು ನಾನು ಹೇಳಿದ್ದೇನೆ. ಯಜಮಾನರು ಟೇಪು ಹಿಡಿದು ಹಜಾರವನ್ನು ಅಳೆಯುತ್ತಿದ್ದಾರೆ. ಷೋಕೇಸನ್ನು ಎಲ್ಲಿ ಸರಿಸುವುದೆಂದು ಮನೆಯಾಕೆ ಕೇಳುತ್ತಿದ್ದಾರೆ.