ಅಪ್ಪ ನೋಡಿದ ‘ಬಂಗಾರದ ಮನುಷ್ಯ’

ಬಿ.ಇ. ಮುಗಿಸಿ ಹನ್ನೊಂದು ವರ್ಷ ಆದಮೇಲೆ ಮತ್ತೆ ಕ್ಲಾಸಿಗೆ ಹೋಗ್ತೀನಿ ಅಂದಾಗ ಮನೆಯಲ್ಲಿ ಎಲ್ಲರೂ ಎಂಬಿಎ ಇರಬೇಕು ಅಂದುಕೊಂಡರು. ಅಲ್ಲ, ಸಂಸ್ಕೃತಿ ಅಧ್ಯಯನ ಅಂದೆ. “ಹಾಗಂದ್ರೆ ಭರತನಾಟ್ಯನಾ?” ಅಂದಳು ಹೆಂಡತಿ. ಊರಿಂದ ಫೋನಿನಲ್ಲಿ ಅಪ್ಪ ಕೇಳಿದ್ದು ಇನ್ನೂ ನೇರ: “ಸಿನಿಮಾ ನೋಡಕ್ಕೂ ಪರೀಕ್ಷೆ ಬರೀಬೇಕೇನೋ ಮಗ?”

ಬರೀಬೇಕಿತ್ತು. ಶನಿವಾರ ಬೆಳಿಗ್ಗೆ ನಗರದ ಒಂದು ವಿಶ್ವವಿದ್ಯಾಲಯದಲ್ಲಿ ಕ್ಲಾಸು. ಅಸ್ಮಿತೆ, ಸಿನಿಮಾ, ತಂತ್ರಜ್ಞಾನ ಅಂತ ಮೂರು ಪೇಪರ್. ಮೊದಲ ತಿಂಗಳು ಏನೂ ತಲೆಗೆ ಹೋಗಲಿಲ್ಲ. ಪ್ರಶ್ನೆಗೆ ಒಂದೇ ಸರಿ ಉತ್ತರ ಇರುತ್ತೆ ಅಂತ ನಂಬಿ ಬೆಳೆದವನು ನಾನು. ಅಲ್ಲಿ ಪ್ರಶ್ನೆ ಕೇಳಿದರೆ ಮೇಷ್ಟ್ರು ವಾಪಸ್ ಇನ್ನೊಂದು ಪ್ರಶ್ನೆ ಕೇಳೋರು.

ಧೈರ್ಯ ಬಂದಿದ್ದು ರೇಮಂಡ್ ವಿಲಿಯಮ್ಸ್ ಅವರನ್ನು ಓದಿದ ಮೇಲೆ. ವೇಲ್ಸಿನ ಗಡಿಯ ಹಳ್ಳಿಯಲ್ಲಿ ರೈಲ್ವೆ ಸಿಗ್ನಲ್ ನೋಡಿಕೊಳ್ಳುತ್ತಿದ್ದವರ ಮಗ, ಕೇಂಬ್ರಿಡ್ಜಿಗೆ ಹೋಗಿ ಓದಿದವರು. ಸಂಸ್ಕೃತಿ ಅನ್ನೋದು ದೊಡ್ಡವರ ಮನೆ ಷೋಕೇಸಿನ ಗೊಂಬೆ ಅಲ್ಲ, ಎಲ್ಲರ ದಿನನಿತ್ಯದ ಬದುಕು ಅಂತ 1958ರಲ್ಲೇ ಬರೆದಿದ್ದರು. ಆಮೇಲೆ ಸಿಕ್ಕಿದ್ದು ಸ್ಟುವರ್ಟ್ ಹಾಲ್. ಜಮೈಕಾದಿಂದ 1951ರಲ್ಲಿ ಆಕ್ಸ್‌ಫರ್ಡಿಗೆ ಓದಲು ಬಂದು ಇಂಗ್ಲೆಂಡಿನಲ್ಲೇ ಉಳಿದವರು. 1973ರ ಅವರ ಒಂದು ಪ್ರಬಂಧದ ಹೆಸರಿನಲ್ಲೇ ಎನ್‌ಕೋಡಿಂಗ್, ಡಿಕೋಡಿಂಗ್ ಅಂತಿತ್ತು. ಅಬ್ಬಾ, ನಮ್ಮ ಏರಿಯಾ ಬಂತು ಅಂತ ಖುಷಿಯಾಯ್ತು.

ಆದರೆ ನಮ್ಮ ಕೆಲಸದಲ್ಲಿ ಈ ಕಡೆ ಎನ್‌ಕೋಡ್ ಮಾಡಿದ್ದು ಆ ಕಡೆ ಬೇರೆಯಾಗಿ ಡಿಕೋಡ್ ಆದರೆ ಅದು ಬಗ್. ರಾತ್ರಿಯೆಲ್ಲ ಕೂತು ಸರಿ ಮಾಡಬೇಕು. ಹಾಲ್ ಪ್ರಕಾರ ಮನುಷ್ಯರ ಮಟ್ಟಿಗೆ ಅದು ಸಹಜ. ಟಿವಿ ಹೇಳಿದ್ದನ್ನು ಕೆಲವರು ಹಾಗೇ ಒಪ್ಪುತ್ತಾರೆ, ಕೆಲವರು ಅರ್ಧ ಒಪ್ಪಿ ಅರ್ಧ ತಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳುತ್ತಾರೆ, ಕೆಲವರು ಪೂರಾ ತಿರುಗಿಸಿ ಓದುತ್ತಾರೆ.

ಮನೆಯವರೊಬ್ಬರು ಒಂದು ಸಿನಿಮಾವನ್ನು ಹೇಗೆ ನೋಡಿದರು ಅಂತ ಕೇಳಿ ಬರೆಯೋದು ನಮ್ಮ ಅಸೈನ್‌ಮೆಂಟ್. ನಾನು ‘ಬಂಗಾರದ ಮನುಷ್ಯ’ ಆರಿಸಿದೆ. 1972ರ ಚಿತ್ರ. ಭಾವ ಸತ್ತ ಮೇಲೆ ಅಕ್ಕನ ಸಂಸಾರ ನೋಡಿಕೊಳ್ಳಲು ಹಳ್ಳಿಯಲ್ಲೇ ನಿಂತು ಬರಡು ಭೂಮಿಯಲ್ಲಿ ಚಿನ್ನ ಬೆಳೆಯುವ ರಾಜೀವನ ಕಥೆ. ಇದನ್ನು ನೋಡಿ ಓದಿದ ಹುಡುಗರು ಎಷ್ಟೋ ಜನ ಹಳ್ಳಿಗೆ ವಾಪಸಾದರು ಅನ್ನೋ ಮಾತು ಈಗಲೂ ಇದೆ.

ನಮ್ಮೂರಲ್ಲಿ ಗಣೇಶನ ಹಬ್ಬಕ್ಕೆ ವಿಸಿಪಿ ಬಾಡಿಗೆಗೆ ತಂದು ಇದನ್ನು ಹಾಕಿದ್ದರು. ಯಂತ್ರ ಹೊಸದು, ಜಗಲಿ ಮೇಲೆ ಯಾರು, ಅಂಗಳದ ಆಚೆ ಯಾರು ಅನ್ನೋದು ಮಾತ್ರ ಹಳೇದೇ. ಅರ್ಧಕ್ಕೇ ನಾನು ನಿದ್ದೆಹೋಗಿದ್ದೆ. ಆಮೇಲೆ ಪೂರ್ತಿ ನೋಡಲೇ ಇಲ್ಲ. ಯಾಕೆ ಅಂದರೆ ನನ್ನ ಬಿ.ಇ. ಫೀಸಿಗೆ ಅಪ್ಪ ಕೆರೆ ಹಿಂದಿನ ಒಂದು ಎಕರೆ ಮಾರಿದ್ದರು. ಟಿವಿಯಲ್ಲಿ ಆ ಸಿನಿಮಾ ಬಂದಾಗೆಲ್ಲ ರಾಜ್‌ಕುಮಾರ್ ನನ್ನನ್ನೇ ಬೈತಿದ್ದಾರೆ ಅನ್ನಿಸಿ ಚಾನೆಲ್ ಬದಲಿಸುತ್ತಿದ್ದೆ.

ಅಸೈನ್‌ಮೆಂಟ್ ನೆಪದಲ್ಲಿ ಕೇಳೇಬಿಟ್ಟೆ. “ಅಪ್ಪ, ಆ ಸಿನಿಮಾ ನೋಡ್ದಾಗ ನಿಮಗೇನನ್ನಿಸ್ತು?”

ಸ್ವಲ್ಪ ಹೊತ್ತು ಮಾತಿಲ್ಲ. “ನೀನು ನನ್ನ ತೊಡೆ ಮೇಲೆ ಮಲಗಿದ್ದೆ. ಕೊನೇಲಿ ಏನಾಯ್ತದೆ ಗೊತ್ತಾ? ಅಷ್ಟು ದುಡಿದೋನ ಮೇಲೆ ಮನೆಯವರೇ ಅನುಮಾನ ಪಡ್ತಾರೆ. ಅವನು ಸುಮ್ನೆ ಎದ್ದು ಹೊಂಟೋಯ್ತಾನೆ ಕಣೋ. ಅಂಥೋನಿಗೇ ಮಣ್ಣು ದಕ್ಕಲಿಲ್ಲ. ಇವನು ಓದಿ ಹೊರಗೆ ಹೋಗಲಿ ಅಂತ ಅವತ್ತೇ ಅನ್ಕಂಡೆ.”

ಅವತ್ತು ರಾತ್ರಿ ಲ್ಯಾಪ್‌ಟಾಪಿನಲ್ಲಿ ಕೊನೆಯ ದೃಶ್ಯ ನೋಡಿದೆ. ಅಪ್ಪ ಹೇಳಿದ್ದು ನಿಜ. ರಾಜೀವ ಒಬ್ಬನೇ ನಡೆದು ಹೋಗ್ತಾನೆ.

ಅಸೈನ್‌ಮೆಂಟಿಗೆ ಬಿ ಪ್ಲಸ್ ಬಂತು. ‘ತಿರುಗಿಸಿ ಓದಿದ್ದಕ್ಕೆ ಒಳ್ಳೆಯ ಉದಾಹರಣೆ’ ಅಂತ ಮೇಷ್ಟ್ರು ಪಕ್ಕದಲ್ಲಿ ಬರೆದಿದ್ದರು. ನನಗೆ ಮಾತ್ರ ಒಂದು ಅನುಮಾನ ಹಾಗೇ ಉಳೀತು. ಅಪ್ಪ ನಿಜವಾಗಿ ಆವತ್ತೇ ಹಾಗೆ ಅಂದುಕೊಂಡಿದ್ದರೋ, ಇಲ್ಲಾ ನನ್ನ ದನಿಯಲ್ಲಿ ಏನನ್ನೋ ಕೇಳಿಸಿಕೊಂಡು ನನ್ನ ಹೊರೆ ಇಳಿಸಲು ಈಗ ಹೇಳಿದರೋ? ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಕೇಳೋಣ ಅಂದುಕೊಂಡೆ. ಕೆರೆ ಏರಿ ಮೇಲೆ ಇಬ್ಬರೂ ನಡೆದು ಬಂದೆವು. ಮಾರಿದ ಎಕರೆಯಲ್ಲಿ ಯಾರದೋ ತೆಂಗಿನ ಸಸಿ ಮೊಣಕಾಲೆತ್ತರ ಬಂದಿತ್ತು. “ಚೆನ್ನಾಗಿ ಹತ್ಕಂಡಿದೆ” ಅಂದರು ಅಪ್ಪ. ನಾನು ಹೂಂ ಅಂದೆ, ಕೇಳಲಿಲ್ಲ.