ಏಳನೇ ಮರದ ಬುಡ

ಪುತ್ತೂರಿನಿಂದ ಜೀಪು ಹೊರಟಾಗ ನನ್ನೊಡನೆ ಆರು ಮಂದಿ ಕಾಲೇಜು ಮಕ್ಕಳು, ಒಂದು ಅಳತೆ ಟೇಪು, ಎರಡು ಬ್ರಶ್ಶು. ಹಾರೆ, ಪಿಕ್ಕಾಸು ಇಲ್ಲ. ಪರವಾನಗಿಯಿಲ್ಲದೆ ಉತ್ಖನನ ಮಾಡುವ ಹಕ್ಕು ನಮಗಿಲ್ಲ. ನೋಡುವುದು, ಅಳೆಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಕೇಳುವುದು.

ಕುಂಬ್ರದಲ್ಲಿ ತಿರುಗಿ ಬೆಳ್ಳಾರೆ. 1837ರ ಅಮರ ಸುಳ್ಯ ಬಂಡಾಯದವರು ಕಂಪೆನಿ ಸರಕಾರದ ಖಜಾನೆಯನ್ನು ವಶಪಡಿಸಿಕೊಂಡ ಊರು. ಸುಳ್ಯದ ಹುಡುಗನೊಬ್ಬ, ಅರೆಭಾಷೆಯ ಮನೆಯವನು, ಆ ದಂಡು ಮಂಗಳೂರಿಗೆ ನಡೆದ ದಾರಿಯನ್ನು ಅಜ್ಜ ಹೇಳುತ್ತಿದ್ದಂತೆಯೇ ಹೇಳಿದ. ಯಾವ ತೋಡು, ಯಾವ ಮನೆಯಂಗಳ ಎಂಬುದು ಸಹಿತ. ನಾನು ಬರೆದುಕೊಂಡೆ.

ಪಂಜ ಕಳೆದು ಕುಮಾರಧಾರೆ ದಾಟಿದೆವು. "ಸರ್, 812ರ ಕಡಬ ತಾಮ್ರಪಟ ಇಲ್ಲಿಯದ್ದಾ?" ಹುಡುಗಿಯೊಬ್ಬಳ ಪ್ರಶ್ನೆ. ಅಲ್ಲ, ಅದು ತುಮಕೂರು ಜಿಲ್ಲೆಯ ಕಡಬ. ಈ ಕಡಬ ತಾಲೂಕಿನಲ್ಲಿರುವುದು ಅದಕ್ಕಿಂತಲೂ ಬಹಳ ಹಳೆಯದು: ರಾಮಕುಂಜ ಗ್ರಾಮದಲ್ಲಿ ಮುರಕಲ್ಲು ಕೊರೆದು ಮಾಡಿದ ಬೃಹತ್ ಶಿಲಾಯುಗದ ಗುಹಾಸಮಾಧಿ. ಅದನ್ನು ಅಧ್ಯಯನ ಮಾಡಿದ ಪ್ರೊ. ಟಿ. ಮುರುಗೇಶಿ ಶಿರ್ವದ ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿಗಳನ್ನು ಕರೆದುಕೊಂಡೇ ಗುಡ್ಡೆ ಹತ್ತಿದವರು.

ಅದೇ ಸೀಮೆಯ ಒಂದು ರಬ್ಬರ್ ತೋಟದ ಬದಿಯಲ್ಲಿ ಅಜ್ಜಿಯೊಬ್ಬರು ನಮ್ಮನ್ನು ತಡೆದರು. "ಎಂತ ಮಕ್ಳೇ, ನಿಧಿ ಹುಡುಕ್ಲಿಕ್ಕೆ ಬಂದದ್ದಾ? ಅಳತೆ ಮಾಡಿದ್ರೆ ಜಾಗ ಸರಕಾರಕ್ಕೆ ಹೋಗುದಿಲ್ವಾ?"

ಈ ಹೆದರಿಕೆ ನಿಜವಾದದ್ದು. ಎಷ್ಟೋ ಕಲ್ಲುಗಳು ಇದೇ ಹೆದರಿಕೆಯಿಂದ ಜೆಸಿಬಿ ಬಾಯಿಗೆ ಹೋಗಿವೆ ಎಂದು ನನಗನಿಸುತ್ತದೆ. ನಾನು ಸುಮ್ಮನಿದ್ದೆ. ಆ ಹುಡುಗಿ ಜಗಲಿಯಲ್ಲಿ ಕೂತು, ತನ್ನ ಮನೆ ಎಲ್ಲಿ, ಯಾರ ಮೊಮ್ಮಗಳು ಎಂಬಲ್ಲಿಂದ ಶುರುಮಾಡಿ ತುಳುವಿನಲ್ಲಿ ಮಾತಾಡಿದಳು. ಬೆಲ್ಲ ನೀರು ಬಂತು. ಆಮೇಲೆ ಅಜ್ಜಿ ಒಳಗಿಂದ ಮಡಕೆಯ ಚೂರೊಂದನ್ನು ತಂದರು. ಹೊರಗೆ ಕೆಂಪು, ಒಳಗೆ ಕಪ್ಪು. ಮಡಕೆಯನ್ನು ಬೋರಲಿಟ್ಟು ಸುಟ್ಟರೆ ಒಳಗೆ ಗಾಳಿಯಾಡದೆ ಹೀಗಾಗುತ್ತದೆ. ಬೃಹತ್ ಶಿಲಾಯುಗದ ನೆಲೆಗಳಲ್ಲಿ ಇಂಥವು ಸಿಗುತ್ತವೆ. ಒಂದು ಚೂರಿನಿಂದ ನಾನು ಕಾಲ ಹೇಳಲಾರೆ. ಸಿಕ್ಕಿದ ಜಾಗ ಬೇಕು.

"ರಬ್ಬರ್ ಗುಂಡಿ ತೆಗೆಯುವಾಗ ಸಿಕ್ಕಿದ್ದು. ಮೇಲಿನ ಸಾಲು, ಬೇಲಿಯಿಂದ ಏಳನೇ ಮರದ ಬುಡ."

ನಮ್ಮ ವರದಿಗಳಲ್ಲಿ ಇಂಥವರೆಲ್ಲ 'ಸ್ಥಳೀಯರ ಪ್ರಕಾರ' ಎಂಬೆರಡು ಪದಗಳಲ್ಲಿ ಕಳೆದುಹೋಗುತ್ತಾರೆ. ಅದು ಅನ್ಯಾಯ. ಚೂರಿನ ಪಕ್ಕ ಸ್ಕೇಲಿಟ್ಟು ಫೋಟೊ ತೆಗೆದು ಅಜ್ಜಿಯ ಕೈಗೇ ಕೊಟ್ಟೆವು. ಹುಡುಗಿ ಪುಸ್ತಕದಲ್ಲಿ 'ತೋರಿಸಿದವರು' ಎಂಬ ಹೊಸ ಗೆರೆ ಎಳೆದು, ಅಜ್ಜಿಯ ಪೂರ್ತಿ ಹೆಸರು ಕೇಳಿದಳು.