ಬಸ್ಸಿನ ದುಡ್ಡು ಯಾರು ಕೊಡಬೇಕು?

1965ರ ಅಮೆರಿಕದ ಬಾಸ್ಟನ್. ಸೀಟು ಖಾಲಿಯಿದ್ದರೆ ಮಗುವನ್ನು ನಗರದ ಯಾವ ಸರ್ಕಾರಿ ಶಾಲೆಗಾದರೂ ಸೇರಿಸಬಹುದು ಅಂತ ನಿಯಮವೇ ಇತ್ತು. ಆದರೂ ಅಲ್ಲಿನ ರಾಕ್ಸ್‌ಬರಿ ಬಡಾವಣೆಯ ಕಪ್ಪು ಮಕ್ಕಳು ಕಿಕ್ಕಿರಿದ ತರಗತಿಗಳಲ್ಲೇ ಕೂತಿದ್ದರು. ಯಾಕೆ? ಸೀಟು ಖಾಲಿಯಿದ್ದ ಶಾಲೆಗಳು ದೂರ, ಅಷ್ಟು ದೂರ ಹೋಗೋಕೆ ಬಸ್ ಬೇಕು, ಬಸ್ಸಿಗೆ ಬಿಡಿಗಾಸೂ ಕೊಡಲ್ಲ ಅಂದಿತ್ತು ನಗರದ ಶಾಲೆಗಳನ್ನು ನಡೆಸುವ ಸ್ಕೂಲ್ ಕಮಿಟಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ, ನೋಡಿ.

ಎಲೆನ್ ಜಾಕ್ಸನ್ ಎಂಬ ತಾಯಿ ಮತ್ತು ಅಕ್ಕಪಕ್ಕದ ಪೋಷಕರು ಕಾಯುತ್ತಾ ಕೂರಲಿಲ್ಲ. ಯಾವ ಶಾಲೆಯಲ್ಲಿ ಎಷ್ಟು ಬೆಂಚು ಖಾಲಿ ಅಂತ ಲೆಕ್ಕ ಹಿಡಿದರು, ಚಂದಾ ಎತ್ತಿದರು, ಬಸ್ ಗೊತ್ತುಮಾಡಿದರು, ಸೆಪ್ಟೆಂಬರ್‌ನಲ್ಲಿ ಮಕ್ಕಳನ್ನು ಹತ್ತಿಸಿಯೇ ಬಿಟ್ಟರು. 'ಆಪರೇಷನ್ ಎಕ್ಸೋಡಸ್' ಅಂತ ಹೆಸರೂ ಇಟ್ಟರು.

ಇದನ್ನು ಸ್ವಾವಲಂಬನೆ ಅಂತ ಹೊಗಳುವವರನ್ನು ಕಂಡರೆ ನನಗೆ ಮೈಯುರಿ. ತೆರಿಗೆ ಕಟ್ಟಿದ ಮೇಲೂ ಬಸ್ಸಿಗೆ ಮತ್ತೆ ಜೇಬಿನಿಂದಲೇ ಕೊಟ್ಟಿದ್ದಾರೆ ಮಾರಾಯ್ರೆ! ಕೊನೆಗೆ 1972ರಲ್ಲಿ ಕಪ್ಪು ಪೋಷಕರು ಕಮಿಟಿಯ ವಿರುದ್ಧ ಕೋರ್ಟ್ ಮೆಟ್ಟಿಲೇರಿದರು. ಆ ಮೊದಲ ಬಸ್ ಹತ್ತಿದ ಒಂದನೇ ಕ್ಲಾಸಿನವರು ಹೈಸ್ಕೂಲಿಗೆ ಬರುವ ಹೊತ್ತಿಗೆ, 1974ರಲ್ಲಿ, ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ತೀರ್ಪು ಕೊಟ್ಟರು: ಶಾಲೆಗಳನ್ನು ಬಣ್ಣ ನೋಡಿ ಬೇರೆಬೇರೆ ಇಟ್ಟಿದ್ದು ಕಮಿಟಿಯೇ, ಅದೂ ಬೇಕಂತಲೇ.